ಸೈಕಲ್ ಕೊಟ್ಟೆವು, ದಾರಿ ಕೊಡಲಿಲ್ಲ

ಕಳೆದ ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ಮಗನನ್ನು ಕರೆದುಕೊಂಡು ಮನೆಗೆ ಬಂದಿದ್ದ. ಹುಡುಗನಿಗೆ ಹತ್ತು ವರ್ಷ. ಹೊಸ ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಿಕೊಂಡು ತಂದಿದ್ದರು. ಕಾಫಿ ಕುಡಿಯುತ್ತಾ ಆತ ಕೇಳಿದ: "ಸಾರ್, ಇಲ್ಲಿ ಇವನು ನಿಶ್ಚಿಂತೆಯಾಗಿ ಸೈಕಲ್ ತುಳಿಯೋಕೆ ಯಾವ ರಸ್ತೆ ಒಳ್ಳೇದು?" ನಲವತ್ತು ವರ್ಷಗಳಿಂದ ಮಂಡ್ಯದಲ್ಲಿರುವ ನನಗೆ ಒಂದು ರಸ್ತೆಯ ಹೆಸರನ್ನೂ ಹೇಳಲಾಗಲಿಲ್ಲ. ಹುಡುಗ ನಮ್ಮ ಮನೆಯ ಮುಂದಿನ ಅಡ್ಡರಸ್ತೆಯಲ್ಲೇ ಹತ್ತು ಸುತ್ತು ಹೊಡೆದು ಬಂದ. ಅವರು ಹೊರಟ ಮೇಲೂ ಆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು.

ನಾನು ಸೈಕಲ್ ಕಲಿತದ್ದು ಗಂಟೆಗಿಷ್ಟು ಎಂದು ಬಾಡಿಗೆಗೆ ತಂದ ಸೈಕಲ್ಲಿನಲ್ಲಿ. ಸೀಟು ಎಟುಕದೆ ಒಳಪೆಡಲು ಹೊಡೆದು, ಮಂಡಿ ತರಚಿಸಿಕೊಂಡು ಕಲಿತೆ. ಮೇಷ್ಟ್ರಾದ ಮೇಲೆ ಕ್ಯಾರಿಯರಿನಲ್ಲಿ ಉತ್ತರಪತ್ರಿಕೆಗಳ ಕಟ್ಟು, ಹ್ಯಾಂಡಲಿಗೆ ಊಟದ ಡಬ್ಬಿಯ ಚೀಲ ಸಿಕ್ಕಿಸಿಕೊಂಡು ಶಾಲೆಗೆ ಹೋಗುತ್ತಿದ್ದೆ. ಎದುರಿಗೆ ಸಿಗುತ್ತಿದ್ದವು ಕಬ್ಬಿನ ಗಾಡಿಗಳು, ಒಂದೆರಡು ಬಸ್ಸು. ನಿಮ್ಮಲ್ಲಿ ಅನೇಕರು ನನ್ನ ಗಂಟೆಯ ಸದ್ದು ಕೇಳಿ ಆಟದ ಬಯಲಿನಿಂದ ತರಗತಿಗೆ ಓಡುತ್ತಿದ್ದುದು ನನಗೆ ಗೊತ್ತಿತ್ತು.

ಇಂದು ಬರೆಯಬೇಕೆಂದಿರುವುದು ಇದುವರೆಗೆ ಯಾರಲ್ಲೂ ಹೇಳಿಕೊಳ್ಳದ ಒಂದು ತಪ್ಪಿನ ವಿಷಯ.

2006-07ರಲ್ಲಿ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ನಮ್ಮ ಶಾಲೆಯಲ್ಲಿ ವಿತರಣೆಯಾದ ದಿನ ಹಬ್ಬವೇ ಸರಿ. ಮಕ್ಕಳು ಹಿಡಿಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಕೀಳಲೂ ಮನಸ್ಸಿಲ್ಲದೆ ಸೈಕಲ್ಲನ್ನು ತಳ್ಳಿಕೊಂಡೇ ಮನೆಗೆ ಹೋದರು. ಪಟ್ಟಿ ಬರೆದವನು, ಸಹಿ ಹಾಕಿಸಿದವನು, ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿದವನು ನಾನೇ.

ಮುಂದಿನ ವರ್ಷಗಳಲ್ಲಿ ಹಾಗೆ ಸೈಕಲ್ ಪಡೆದವರಲ್ಲಿ ಒಬ್ಬ ಹುಡುಗಿಯಿದ್ದಳು. ಹೆಸರು ಬೇಡ. ಲೆಕ್ಕದಲ್ಲಿ ಚುರುಕು. ಅವಳ ಊರಿಂದ ಶಾಲೆಗೆ ಎರಡು ಮೈಲಿ, ಅದರಲ್ಲಿ ಮುಕ್ಕಾಲು ಪಾಲು ಹೆದ್ದಾರಿಯ ಅಂಚು. ಒಂಬತ್ತು ಮುಗಿಸಿದವಳು ಹತ್ತಕ್ಕೆ ಬರಲಿಲ್ಲ. ಮನೆಗೆ ಹೋಗಿ ಅವಳ ತಂದೆಯನ್ನು ವಿಚಾರಿಸಿದೆ. "ಆ ಲಾರಿಗಳ ಮಧ್ಯೆ ನಂಗೇ ಭಯ ಆಯ್ತದೆ ಮೇಷ್ಟ್ರೇ, ಹೆಣ್ಣುಮಗೀನ ಎಂಗ್ ಕಳ್ಸ್ಲಿ?" ಎಂದರು. ನಾನು ಓದಿನ ಮಹತ್ವದ ಬಗ್ಗೆ ಒಂದು ಭಾಷಣ ಮಾಡಿ ಎದ್ದು ಬಂದೆ.

ಕೆಲವು ದಿನಗಳ ನಂತರ ಅದೇ ತಂದೆ ಆ ಸೈಕಲ್ಲಿನ ಮೇಲೆ ಹುಲ್ಲಿನ ಹೊರೆ ಹೇರಿಕೊಂಡು ನಾಲೆಯ ಏರಿಯ ಮೇಲೆ ಹೋಗುತ್ತಿದ್ದುದನ್ನು ಕಂಡೆ. ಲಾರಿಯಿಲ್ಲ, ಹಾರನ್ನಿಲ್ಲ, ಎರಡೂ ಕಡೆ ಗದ್ದೆ. ಆ ಏರಿ ಅವರ ಊರಿಂದ ಹೊರಟು ನಮ್ಮ ಶಾಲೆಯ ಹಿಂಬದಿಗೇ ಬರುತ್ತಿತ್ತು. ನಡುವೆ ಅಡ್ಡವಾಗಿದ್ದುದು ಒಂದು ಬಸಿಗಾಲುವೆ ಮಾತ್ರ. ಅದರ ಮೇಲೊಂದು ಸಣ್ಣ ಮೋರಿ ಕಟ್ಟಿ, ಕಾಂಪೌಂಡಿಗೊಂದು ಹಿಂಬಾಗಿಲು ಇಟ್ಟಿದ್ದರೆ ಆ ಹುಡುಗಿ ಹತ್ತನೆಯ ತರಗತಿಗೆ ಬರುತ್ತಿದ್ದಳು. ಅಷ್ಟು ವರ್ಷ ಕಿಟಕಿಯಿಂದ ಆ ಏರಿಯನ್ನು ನೋಡುತ್ತಲೇ ಪಾಠ ಮಾಡಿದ ನನಗೆ ಇದು ಹೊಳೆಯಲಿಲ್ಲ. ಸೈಕಲ್ ಕೊಟ್ಟದ್ದು ಸರ್ಕಾರ. ದಾರಿಯನ್ನು ಕೇಳಬೇಕಾಗಿದ್ದವರು ನಾವು.

2020ರಲ್ಲಿ ಕೋವಿಡ್ ಬಂದಾಗ ಆ ಯೋಜನೆ ನಿಂತುಹೋಯಿತು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳ ಜೊತೆಗೆ ಸೈಕಲ್ಲನ್ನೂ ನಿಷೇಧಿಸಿದರು. ಆ ವೇಗದ ರಸ್ತೆಗೆ ಅದು ತಕ್ಕ ನಿರ್ಧಾರವೇ. ಆದರೆ ಅಲ್ಲಿಂದ ಇಳಿದವರೆಲ್ಲ ಬಂದು ಸೇರಿದ್ದು ಪಕ್ಕದ ಸರ್ವೀಸ್ ರಸ್ತೆಗೆ. ಅದರಲ್ಲಿ ಶಾಲೆಯ ಮಗುವಿಗೆಂದು ಒಂದು ಗೇಣು ಅಗಲವನ್ನಾದರೂ ಬೇರೆಯಾಗಿ ಉಳಿಸಲಿಲ್ಲ.

ಕನ್ನಂಬಾಡಿಯಿಂದ ಬರುವ ವಿಶ್ವೇಶ್ವರಯ್ಯ ನಾಲೆ, ಅದರ ಕವಲುಗಳು ನಮ್ಮ ಸೀಮೆಯ ಹಳ್ಳಿಹಳ್ಳಿಗಳನ್ನೂ ಮುಟ್ಟುತ್ತವೆ. ಕವಲುಗಳ ಏರಿಗಳನ್ನು ಆರಿಸಿ, ಸಮ ಮಾಡಿ, ಶಾಲೆಗಳಿಗೆ ಜೋಡಿಸಿದರೆ ಹೊಸದಾಗಿ ಒಂದು ಗುಂಟೆ ಭೂಮಿಯನ್ನೂ ಸ್ವಾಧೀನ ಮಾಡಿಕೊಳ್ಳಬೇಕಾಗಿಲ್ಲ.

"ನಾಲೆಯ ಏರಿಯೇ? ಅಲ್ಲಿ ಆದ ಸಾವುಗಳನ್ನು ಮರೆತಿರಾ?" ಎಂದು ನೀವು ಕೇಳಬಹುದು. ಮರೆತಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ನಾಲೆಗೆ ಉರುಳಿ 30 ಜನ ತೀರಿಕೊಂಡರು. ಅವರಲ್ಲಿ ಶಾಲೆಯಿಂದ ಮರಳುತ್ತಿದ್ದ ಮಕ್ಕಳೂ ಇದ್ದರು. ಆ ದಿನ ನಮ್ಮ ಜಿಲ್ಲೆಯಲ್ಲಿ ಒಲೆ ಹಚ್ಚದ ಮನೆಗಳೆಷ್ಟೋ. ಆದ್ದರಿಂದಲೇ ಹೇಳುತ್ತಿದ್ದೇನೆ: ಮಕ್ಕಳ ಹಾದಿಯೆಂದು ಆರಿಸಿದ ಏರಿಯ ಎರಡು ತುದಿಯಲ್ಲೂ ಕಲ್ಲುಕಂಬ ನೆಡಬೇಕು, ಬಸ್ಸು ಕಾರು ನುಗ್ಗಬಾರದು. ನೀರಿನ ಬದಿಗೆ ತಡೆಗೋಡೆ ಬೇಕೇ ಬೇಕು. ನೀರಾವರಿಯವರ ಜೀಪು ಓಡಾಡಲು ಬೀಗದ ಗೇಟು ಸಾಕು. ತಡೆಗೋಡೆ ಕಟ್ಟಲಾಗದ ಕಡೆ ಈ ಹಾದಿಯೇ ಬೇಡ.

ಬರಿಯ ಸೈಕಲ್ಲಿನಿಂದ ಆಗದು ಎಂಬುದಕ್ಕೆ ನೆರೆಯ ಮೈಸೂರನ್ನು ನೋಡಿ. 2017ರ ಜೂನ್‌ನಲ್ಲಿ ಅಲ್ಲಿ 'ಟ್ರಿಣ್ ಟ್ರಿಣ್' ಎಂಬ ಚೆಂದದ ಹೆಸರಿನಲ್ಲಿ 450 ಸೈಕಲ್ಲುಗಳನ್ನು ಬಾಡಿಗೆಗೆ ಇಟ್ಟರು. ನಾನೂ ಕುಕ್ಕರಹಳ್ಳಿ ಕೆರೆಯ ಕಡೆ ಒಂದನ್ನು ತುಳಿದು ಸಂತೋಷಪಟ್ಟೆ. ಆದರೆ ಪ್ರಯಾಣದ ಬಹುಭಾಗ ಬಸ್ಸಿನ ಪಕ್ಕೆಗೆ ಅಂಟಿಕೊಂಡೇ ಸಾಗಬೇಕಾಯಿತು.

ಸೈಕಲ್ಲಿಗೆ ಹೆಸರಾದ ನೆದರ್ಲೆಂಡ್ಸಿನಲ್ಲೂ ಹಾದಿಗಳು ತಾವಾಗಿ ಹುಟ್ಟಲಿಲ್ಲ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. 'ಮಕ್ಕಳ ಕೊಲೆ ನಿಲ್ಲಿಸಿ' ಎಂಬ ಘೋಷಣೆಯೊಂದಿಗೆ ತಂದೆತಾಯಿಗಳು ಬೀದಿಗಿಳಿದರು. ಪ್ರತ್ಯೇಕ ಹಾದಿಗಳು ಬಂದದ್ದು ಆ ಒತ್ತಾಯದ ನಂತರ.

ನಾನು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ಮೊದಲನೆಯದು, ಪ್ರತಿ ಪ್ರೌಢಶಾಲೆಗೂ ಹೆದ್ದಾರಿ ಮುಟ್ಟದೆ ಬರುವ ಒಂದು ಹಾದಿ. ಬೇಕಾದ ಕಡೆ ಒಂದು ಮೋರಿ, ಒಂದು ಹಿಂಬಾಗಿಲು. ಎರಡನೆಯದು, ಪೇಟೆಯ ಶಾಲೆಗಳ ಮುಂದಿನ ರಸ್ತೆಯಲ್ಲಿ ಬೆಳಿಗ್ಗೆ ಮತ್ತು ಸಂಜೆ ಅರ್ಧ ಗಂಟೆ ಮೋಟಾರು ವಾಹನ ನಿಷೇಧ. ಮೂರನೆಯದು, ದಶಪಥದ ಕೆಳಸೇತುವೆಗಳಲ್ಲಿ ನಡೆಯುವವರಿಗೂ ಸೈಕಲ್ಲಿನವರಿಗೂ ಎತ್ತರಿಸಿದ ಅಂಚು, ದೀಪ, ಮಳೆನೀರು ಹರಿದುಹೋಗಲು ಚರಂಡಿ.

ನಿಮ್ಮಲ್ಲಿ ಎಂಜಿನಿಯರುಗಳಿದ್ದೀರಿ, ಪಂಚಾಯಿತಿ ಸದಸ್ಯರಿದ್ದೀರಿ, ನನ್ನಂತೆ ಮೇಷ್ಟ್ರಾದವರೂ ಇದ್ದೀರಿ. ಮುಂದಿನ ಬಾರಿ ಊರಿಗೆ ಬಂದಾಗ ನೀವು ಓದಿದ ಶಾಲೆಯ ಹಿಂಬದಿಗೆ ಒಮ್ಮೆ ಹೋಗಿ ನೋಡಿ. ಏರಿಯಿದೆಯೇ, ಬಂಡಿದಾರಿಯಿದೆಯೇ, ನಡುವೆ ಏನು ಅಡ್ಡವಿದೆ ಎಂಬುದನ್ನು ಬರೆದು ನನಗೆ ತಿಳಿಸಿ. ನಮ್ಮ ಹಳೆಯ ಶಾಲೆಯ ಮೋರಿಗಾಗಿ ನಾನು ಈ ವಾರವೇ ಅರ್ಜಿ ಬರೆದಿದ್ದೇನೆ. ಇಷ್ಟು ತಡವಾಗಿ ಬರೆದದ್ದಕ್ಕೆ ಆ ಹುಡುಗಿ, ಎಲ್ಲಿದ್ದರೂ, ನನ್ನನ್ನು ಕ್ಷಮಿಸಲಿ. ಅವಳ ಮಕ್ಕಳು ಈಗ ಶಾಲೆಗೆ ಹೋಗುವ ವಯಸ್ಸಿನವರಿರಬೇಕು.