ಜೋಗುಳಕ್ಕೆ ಬಜೆಟ್ ಬೇಡ, ತಾಯಿಗೊಂದು ಮಂಚ ಬೇಕು

‘ಕೂಸನ್ನ ಪೆಟಗ್ಯಾಗ ಇಟ್ಟಾರ್ರಿ.’ ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದಲ್ಲಿ ಈ ಒಂದು ಮಾತು ಸಾಕು, ಎಲ್ಲರಿಗೂ ಅರ್ಥವಾಗುತ್ತೆ. ದಿನ ತುಂಬುವ ಮೊದಲೇ ಹುಟ್ಟಿದ, ತೂಕ ಕಡಿಮೆಯಿರುವ ಕೂಸು ಒಳಗಿದೆ, ಮನೆಯವರು ಹೊರಗೆ ಕಾಯುತ್ತಿದ್ದಾರೆ ಅಂತ.

ಇಂಥ ಕೂಸುಗಳಿಗೆ ಸಂಗೀತ ಚಿಕಿತ್ಸೆ ಕೊಡುವ ಪ್ರಯತ್ನಗಳು ಹಲವು ದೇಶಗಳ ಆಸ್ಪತ್ರೆಗಳಲ್ಲಿ ನಡೆದಿವೆ. ‘ಇಲ್ಲಿ ತಜ್ಞ ವೈದ್ಯರಿಗೇ ಪರದಾಟ, ಇನ್ನು ಸಂಗೀತ ಎಲ್ಲಿಂದ ತರೋದು?’ ಅಂತ ನಿಮಗೆ ಅನಿಸಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಈ ಚಿಕಿತ್ಸೆಯ ಒಳಹೊಕ್ಕು ನೋಡಿದರೆ ಅದು ಕೇಳುವುದು ವೀಣೆಯನ್ನೂ ಅಲ್ಲ, ಸ್ಪೀಕರನ್ನೂ ಅಲ್ಲ. ತಾಯಿಯನ್ನು.

2013ರಲ್ಲಿ ಅಮೆರಿಕದ ಜೋನ್ ಲೋವಿ ಮತ್ತು ಸಂಗಡಿಗರು 11 ಆಸ್ಪತ್ರೆಗಳ 272 ಅವಧಿಪೂರ್ವ ಶಿಶುಗಳ ಮೇಲೆ ಅಧ್ಯಯನ ಮಾಡಿದರು. ರೆಕಾರ್ಡ್ ಮಾಡಿದ ಹಾಡಲ್ಲ, ಎದುರಿಗೇ ನಿಧಾನವಾಗಿ ಹಾಡಿದ ಜೋಗುಳ. ಕೂಸುಗಳ ಹೃದಯಬಡಿತ ಶಾಂತವಾಯಿತು, ಚೀಪುವ ಶಕ್ತಿ ಸುಧಾರಿಸಿತು. ತಂದೆ-ತಾಯಿ ತಾವೇ ಆರಿಸಿದ ಹಾಡನ್ನು ಬಳಸಿದಾಗ ಅವರ ಆತಂಕವೂ ಇಳಿಯಿತು.

ಹಾಗಂತ ಇದು ಪವಾಡವಲ್ಲ. 25 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2023ರ ಕಾಕ್ರೇನ್ ವಿಮರ್ಶೆ ಹೇಳಿದ್ದಿಷ್ಟು: ಹೃದಯಬಡಿತ ತುಸು ಇಳಿಯಬಹುದು, ರಕ್ತದ ಆಮ್ಲಜನಕದ ಮಟ್ಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಬೆಳವಣಿಗೆಗೆ ಲಾಭ ಅನ್ನಲು ಗಟ್ಟಿ ಪುರಾವೆಯಿಲ್ಲ. ಆದ್ದರಿಂದ ‘ರಾಗ ಕೇಳಿಸಿದರೆ ಮಗು ಉಳಿಯುತ್ತೆ’ ಅನ್ನುವವರನ್ನು ನಂಬಬೇಡಿ. ಶಿಶು ಘಟಕದ ಸದ್ದು 45 ಡೆಸಿಬಲ್ ದಾಟಬಾರದು ಅನ್ನುವುದು ಅಮೆರಿಕದ ಮಕ್ಕಳ ವೈದ್ಯರ ಸಂಘದ ಸಲಹೆ. ಯಂತ್ರಗಳ ಬೀಪ್ ಸದ್ದಿನ ಜೊತೆಗೆ ಒಂದು ಸ್ಪೀಕರನ್ನೂ ತಂದಿಟ್ಟರೆ ಕೂಸಿಗೆ ಇನ್ನಷ್ಟು ಕಾಟ, ಅಷ್ಟೇ.

ಇನ್ನು ಯಾರ ಹಾಡು? ಸಿಂಧನೂರು ಸುತ್ತ ಕಾಲುವೆ ಬಂದ ಮೇಲೆ ನೆಲೆಸಿದ ತೆಲುಗು ಕ್ಯಾಂಪುಗಳಿವೆ, ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪುಗಳಿವೆ. ಲಿಂಗಸುಗೂರು ಕಡೆ ಲಂಬಾಣಿ ತಾಂಡಾಗಳಿವೆ, ಮುದಗಲ್‌ನಲ್ಲಿ ಉರ್ದು ಮಾತಾಡುವ ಮನೆಗಳಿವೆ. ಬೆಂಗಳೂರಿನಿಂದ ಬರುವ ಒಂದು ಪೆನ್‌ಡ್ರೈವ್ ಇವರೆಲ್ಲರ ಜೋಗುಳ ಆಗಲಾರದು. ಹೊಟ್ಟೆಯಲ್ಲಿದ್ದಾಗಲೇ ಕೂಸಿನ ಕಿವಿಗೆ ಬಿದ್ದ ದನಿ ಅವರವರ ತಾಯಿಯದು. ಆ ದನಿಗೆ ಟೆಂಡರ್ ಕರೆಯೋಕಾಗಲ್ಲ.

ಆದರೆ ತಾಯಿ ಎಲ್ಲಿದ್ದಾಳೆ?

ಸರ್ಕಾರಿ ವ್ಯವಸ್ಥೆಯ ಪ್ರಕಾರ ತಾಲ್ಲೂಕು ಆಸ್ಪತ್ರೆಯಲ್ಲಿರಬೇಕಾದದ್ದು ಸಣ್ಣದೊಂದು ಶಿಶು ಸ್ಥಿರೀಕರಣ ಘಟಕ. 1,800 ಗ್ರಾಂಗಿಂತ ಕಡಿಮೆ ತೂಕದ ಕೂಸಿಗೆ ಬೇಕಾದ ವಿಶೇಷ ಆರೈಕೆ ಘಟಕ ಇರುವುದು ಜಿಲ್ಲಾ ಮಟ್ಟದಲ್ಲಿ. ಅಂದರೆ ರಾಯಚೂರಿಗೆ ರೆಫರ್, ಸುಮಾರು 80-90 ಕಿಲೋಮೀಟರ್. ಸಿಸೇರಿಯನ್ ಆದ ಬಾಣಂತಿ ಅದೇ ಆಂಬುಲೆನ್ಸ್‌ನಲ್ಲಿ ಹೊರಡುವಂತಿಲ್ಲ. ಕೂಸು ಒಂದೂರಲ್ಲಿ, ತಾಯಿ ಇನ್ನೊಂದೂರಲ್ಲಿ, ಕೂಲಿ ಬಿಟ್ಟು ಬಂದ ಅಪ್ಪ ಘಟಕದ ಬಾಗಿಲಲ್ಲಿ.

ಈ ಅಗಲಿಕೆ ಬರೀ ಭಾವನೆಯ ವಿಷಯವಲ್ಲ, ಜೀವದ ವಿಷಯ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳಲ್ಲಿ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. 1 ಕಿಲೋದಿಂದ 1.8 ಕಿಲೋ ಒಳಗಿನ ಕೂಸುಗಳನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಒರಗಿಸಿ, ತಾಯಿಗೂ ಅದೇ ಘಟಕದಲ್ಲಿ ಮಂಚ ಕೊಟ್ಟರು. ಮೊದಲ 28 ದಿನಗಳಲ್ಲಿ ಸಾವಿನ ಪ್ರಮಾಣ 15.7%ರಿಂದ 12%ಕ್ಕೆ ಇಳಿಯಿತು, ಅಂದರೆ ಕಾಲು ಭಾಗ ಕಡಿಮೆ. ಮರುವರ್ಷವೇ ಇದು ಸಂಸ್ಥೆಯ ಶಿಫಾರಸಾಯಿತು. ತಾಯಿಯ ಅಪ್ಪುಗೆಯ ಈ ಆರೈಕೆಯನ್ನು, ಅಂದರೆ ಕಾಂಗರೂ ಆರೈಕೆಯನ್ನು, ಸರ್ಕಾರಿ ಆಸ್ಪತ್ರೆಗಳಲ್ಲಿ ದೊಡ್ಡ ಮಟ್ಟದಲ್ಲಿ ತರಬಹುದಾ ಅಂತ ನೋಡುವ ಕೆಲಸ ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯಲ್ಲೇ ನಡೆದಿದೆ. ಆಗದ ಮಾತೇನಲ್ಲ.

ತಂದೆ-ತಾಯಿಯನ್ನು ಘಟಕದೊಳಗೆ ಬಿಟ್ಟು, ಆರೈಕೆ ಕಲಿಸಬೇಕು ಅಂತ ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ಮಾರ್ಗಸೂಚಿ ಕೊಟ್ಟಿದೆ. 371(ಜೆ) ಬಂದು ದಶಕ ದಾಟಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5,000 ಕೋಟಿ ರೂಪಾಯಿ ಅಂತ 2023ರ ಬಜೆಟ್‌ನಲ್ಲಿ ಘೋಷಣೆಯಾಯಿತು. ಈ ದುಡ್ಡಿನಲ್ಲಿ ಕಟ್ಟಡ, ಕಮಾನು ಎದ್ದು ಕಾಣುತ್ತವೆ. ತಾಯಿಯ ಮಂಚಕ್ಕೆ ರಿಬ್ಬನ್ ಕತ್ತರಿಸೋಕೆ ಯಾರೂ ಬರಲ್ಲ. ಸಮಸ್ಯೆ ಇರೋದು ಅಲ್ಲೇ.

ಹಾಗಾದರೆ ನಾವು ಕೇಳಬೇಕಾದ್ದೇನು? ಶಿಶು ಘಟಕದಲ್ಲಿ ತಾಯಿಗೆ ಮಂಚ, ಊಟ, ಶೌಚಾಲಯ. ಕೂಸನ್ನು ರೆಫರ್ ಮಾಡಿದಾಗ, ಆಕೆಯ ಸ್ಥಿತಿ ನೋಡಿಕೊಂಡು ಆದಷ್ಟು ಬೇಗ ತಾಯಿಯನ್ನೂ ಅಲ್ಲಿಗೆ ಸೇರಿಸುವ ವ್ಯವಸ್ಥೆ. ಅಪ್ಪನಿಗೂ ಅಜ್ಜಿಗೂ ಒಳಗೆ ಹೋಗಲು ಹೊತ್ತು. ಮೂರೂ ತಾಲ್ಲೂಕುಗಳಿಗೆ ಸಾಕಾಗುವಷ್ಟು ನರ್ಸ್‌ಗಳು. ನಿಮ್ಮೂರ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ಸಭೆ ಯಾವಾಗ ಅಂತ ವಿಚಾರಿಸಿ, ಇದನ್ನು ಬರೆದುಕೊಡಿ. ವೋಟು ಕೇಳಲು ಬಂದವರಿಗೂ ಇದೇ ಪ್ರಶ್ನೆ ಹಾಕಿ.

ಹಾಡು ಕಲಿಸೋಕೆ ಯಾರೂ ಬರಬೇಕಿಲ್ಲ. ಬೀಸುವ ಪದದಿಂದ ತೊಟ್ಟಿಲ ಪದದವರೆಗೆ ನಮ್ಮ ಹೆಣ್ಣುಮಕ್ಕಳ ಬಾಯಲ್ಲಿ ಅದು ಇದ್ದೇ ಇದೆ. ಬಾಗಿಲು ತೆಗೆಯಬೇಕಾದ್ದು ಸರ್ಕಾರ.