ಬಿಟ್ಟರೂ ಬಿಡದ ಒಪ್ಪಂದ

ನಮ್ಮ ಸಂಘದ ಈಚಿನ ವಿಚಾರಗೋಷ್ಠಿಯಲ್ಲಿ ಹಿರಿಯ ಮಿತ್ರರೊಬ್ಬರು, ‘ವಿದೇಶಿ ಬಂಡವಾಳಗಾರನಿಗೆ ನಮ್ಮ ನ್ಯಾಯಾಲಯಗಳ ಹೊರಗೊಂದು ಆಸರೆ ಇಲ್ಲದಿದ್ದರೆ ಸೌರವಿದ್ಯುತ್ತೂ ಬಾರದು, ಪವನವಿದ್ಯುತ್ತೂ ಬಾರದು’ ಎಂದು ಖಚಿತವಾಗಿ ನುಡಿದರು. ಸಭಿಕರು ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಅಂದು ಸಮಯಾಭಾವದಿಂದ ಆಡದೆ ಉಳಿದ ಮಾತನ್ನು ಸಂಪಾದಕರ ಅನುಮತಿ ಪಡೆದು ಇಲ್ಲಿ ದಾಖಲಿಸುತ್ತಿದ್ದೇನೆ.

ಮಿತ್ರರು ಬಯಸುವ ಆಸರೆಯ ಅತ್ಯಂತ ಬಲಿಷ್ಠ ರೂಪವೆಂದರೆ ಎನರ್ಜಿ ಚಾರ್ಟರ್ ಒಪ್ಪಂದ. ಸೋವಿಯತ್ ಒಕ್ಕೂಟ ಕುಸಿದ ಮೇಲೆ ಅಲ್ಲಿಯ ತೈಲ, ಅನಿಲಗಳಲ್ಲಿ ಹಣ ಹೂಡಲಿದ್ದ ಪಶ್ಚಿಮದ ಕಂಪನಿಗಳಿಗೆ ಅಭಯ ನೀಡಲೆಂದು ರೂಪುಗೊಂಡ ಇದು 1994ರ ಡಿಸೆಂಬರಿನಲ್ಲಿ ಲಿಸ್ಬನ್ ನಗರದಲ್ಲಿ ಸಹಿಯಾಗಿ, 1998ರಲ್ಲಿ ಜಾರಿಗೆ ಬಂದಿತು. ಭಾರತ ಇದರ ಸದಸ್ಯನಲ್ಲ. ಇದರನ್ವಯ ಒಂದು ದೇಶದ ಕಂಪನಿ ಇನ್ನೊಂದು ದೇಶದ ಸರಕಾರವನ್ನು ನೇರವಾಗಿ ಮೂವರು ಪಂಚಾಯಿತಿದಾರರ ಮುಂದೆ ಎಳೆಯಬಹುದು. ಸರಕಾರ ಕಂಪನಿಯನ್ನು ಹಾಗೆ ಎಳೆಯಲು ಬಾರದು. ಪಂಚಾಯಿತಿ ಎಂಬ ನಮ್ಮ ಸಜ್ಜನ ಶಬ್ದವನ್ನು ಇದಕ್ಕೆ ಬಳಸಲು ನನಗೆ ಸಂಕೋಚವಾಗುತ್ತದೆ. ಊರಿನ ಪಂಚಾಯಿತಿ ನಡೆಯುವುದು ಊರವರ ಕಣ್ಣೆದುರಿಗೆ.

ಹಾಲೆಂಡಿನ ಪ್ರಕರಣವನ್ನು ನೋಡಿ. 2030ರಿಂದ ಕಲ್ಲಿದ್ದಲಿನಿಂದ ವಿದ್ಯುತ್ ಉತ್ಪಾದಿಸಕೂಡದೆಂದು ಆ ದೇಶ 2019ರಲ್ಲಿ ಶಾಸನ ಮಾಡಿತು. ಕಾರಣ ಸಾದಾ: ದೇಶದ ಸುಮಾರು ಕಾಲುಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಜರ್ಮನಿಯ ಆರ್‌ಡಬ್ಲ್ಯೂಇ ಕಂಪನಿ 2021ರಲ್ಲಿ ಸುಮಾರು 140 ಕೋಟಿ ಯೂರೋ ಪರಿಹಾರ ಕೇಳಿತು. ಯುನಿಪರ್ ಎಂಬ ಇನ್ನೊಂದು ಕಂಪನಿಯೂ ಹಿಂಬಾಲಿಸಿತು. ಇದೇ ಕಂಪನಿಗಳು ಹೇಗ್ ನಗರದ ಸಾಮಾನ್ಯ ನ್ಯಾಯಾಲಯಕ್ಕೂ ಹೋಗಿದ್ದವು. ಇಂಥ ಕ್ರಮ ಬರಬಹುದೆಂಬುದನ್ನು ಕಂಪನಿಗಳು ಮೊದಲೇ ಊಹಿಸಬಹುದಾಗಿತ್ತೆಂದು ಆ ನ್ಯಾಯಾಲಯ 2022ರಲ್ಲಿ ಅವರ ಬೇಡಿಕೆಯನ್ನು ತಳ್ಳಿಹಾಕಿತು. ಮುಂದೆ ಕಂಪನಿಗಳು ಪಂಚಾಯಿತಿಯಿಂದಲೂ ಹಿಂದೆ ಸರಿದವು. ತೆರೆದ ನ್ಯಾಯಾಲಯ ವಿಚಾರಿಸಿ ‘ಇಲ್ಲ’ ಎನ್ನಬಲ್ಲ ಪ್ರಶ್ನೆಗೆ ಮುಚ್ಚಿದ ಕೋಣೆ ಏಕೆ ಬೇಕು?

ಹಣ ಕೈಬದಲಾಗದೆಯೇ ಕೆಲಸ ಸಾಧಿಸುವುದೂ ಉಂಟು. ಹ್ಯಾಂಬರ್ಗಿನ ಮೂರ್‌ಬುರ್ಗ್ ಕಲ್ಲಿದ್ದಲು ಸ್ಥಾವರ ಎಲ್ಬ ನದಿಯ ನೀರನ್ನು ಬಳಸಲು ನಗರಾಡಳಿತ ಬಿಗಿ ಷರತ್ತು ವಿಧಿಸಿದಾಗ, ಸ್ವೀಡನ್ನಿನ ವಾಟೆನ್‌ಫಾಲ್ 2009ರಲ್ಲಿ 140 ಕೋಟಿ ಯೂರೋಗಳ ದಾವೆ ಹೂಡಿತು. ರಾಜಿಯಾಯಿತು, ಷರತ್ತುಗಳು ಸಡಿಲಗೊಂಡವು. ಬೆದರಿಕೆಯೇ ಸಾಕಾಗುವಲ್ಲಿ ತೀರ್ಪಿನ ಅಗತ್ಯವಿಲ್ಲ.

ಎಲ್ಲಕ್ಕಿಂತ ಕ್ರೂರವಾದದ್ದು ಒಪ್ಪಂದದ ಬಾಲ. ಸದಸ್ಯತ್ವ ತೊರೆದರೂ ಹಳೆಯ ಹೂಡಿಕೆಗಳಿಗೆ ಇನ್ನೂ 20 ವರ್ಷ ರಕ್ಷಣೆ ಮುಂದುವರಿಯುತ್ತದೆ. ಇಟಲಿ 2016ರ ಆರಂಭದಲ್ಲಿ ಹೊರಬಂತು. ಅದಕ್ಕೆ ತುಸು ಮುಂಚೆ ಕರಾವಳಿಯ ಸಮೀಪ ತೈಲ ತೆಗೆಯುವುದನ್ನು ಅದರ ಸಂಸತ್ತು ನಿಷೇಧಿಸಿತ್ತು. ಆಬ್ರುಟ್ಸೊ ತೀರದ ಒಂದು ತೈಲಕ್ಷೇತ್ರದ ಒಡೆತನವಿದ್ದ ಬ್ರಿಟನ್ನಿನ ರಾಕ್‌ಹಾಪರ್ 2017ರಲ್ಲಿ ದಾವೆ ಹೂಡಿತು. ಉತ್ಪಾದನೆಯೇ ಆರಂಭವಾಗದ ಆ ಕ್ಷೇತ್ರಕ್ಕೆ 2022ರಲ್ಲಿ 19 ಕೋಟಿ ಯೂರೋ ಮತ್ತು ಬಡ್ಡಿ ಕೊಡಬೇಕೆಂದು ತೀರ್ಪಾಯಿತು. 2025ರಲ್ಲಿ ಆ ತೀರ್ಪು ರದ್ದಾಯಿತು ನಿಜ. ಆದರೆ ರದ್ದಾದದ್ದು ಪಂಚಾಯಿತಿಯ ರಚನೆಯಲ್ಲಿದ್ದ ದೋಷಕ್ಕಾಗಿ. ಕಂಪನಿಗೆ ಕೇಳುವ ಹಕ್ಕಿಲ್ಲವೆಂದಲ್ಲ. ಬ್ರಿಟನ್ನೂ ಐರೋಪ್ಯ ಒಕ್ಕೂಟವೂ 2025ರಲ್ಲಿ ಈ ಒಪ್ಪಂದವನ್ನು ಬಿಟ್ಟಿವೆ. ಬಾಲ 2045ರವರೆಗೆ ಇದೆ.

ಸೌರವಿದ್ಯುತ್ ಹೂಡಿಕೆದಾರರಿಗೂ ಇದೇ ರಕ್ಷೆಯಲ್ಲವೇ ಎಂದು ಮಿತ್ರರು ಕೇಳಬಹುದು. ಹೌದು, ಸಹಾಯಧನ ಕಡಿತಗೊಳಿಸಿದ ಸ್ಪೇನಿನ ಮೇಲೆ ಐವತ್ತರಷ್ಟು ದಾವೆಗಳು ಬಿದ್ದವು. ಅದನ್ನು ನಾನು ಒಪ್ಪಂದದ ಹಿರಿಮೆಯೆಂದು ಕಾಣಲಾರೆ. ತನ್ನ ಖಜಾನೆ ಬರಿದಾದ ಕಾಲದಲ್ಲಿ ನೀತಿ ತಿದ್ದಿಕೊಂಡ ದೇಶ ಪರದೇಶದ ನಿಧಿಗಳಿಗೆ ಕಪ್ಪ ಕೊಡಬೇಕು, ಅದೇ ಸೌರಫಲಕ ಹಾಕಿಸಿದ ಸ್ಪೇನಿನ ರೈತ ಮಾತ್ರ ಊರಿನ ನ್ಯಾಯಾಲಯದಲ್ಲೇ ಸಾಲಿನಲ್ಲಿ ನಿಲ್ಲಬೇಕು! ನಮ್ಮ ನ್ಯಾಯಾಲಯಗಳ ವಿಳಂಬ ಸುಳ್ಳಲ್ಲ. ಆ ವಿಳಂಬಕ್ಕಾಗಿಯೇ ಭಾರತ 2011ರಲ್ಲಿ ಆಸ್ಟ್ರೇಲಿಯದ ವೈಟ್ ಇಂಡಸ್ಟ್ರೀಸ್ ಕಂಪನಿಯೆದುರು ಸೋತಿತು. ಅದಕ್ಕೆ ಮದ್ದು ನ್ಯಾಯಾಧೀಶರ ನೇಮಕ. ವಿದೇಶೀಯನಿಗೊಂದು ಪ್ರತ್ಯೇಕ ಬಾಗಿಲು ತೆರೆಯುವುದಲ್ಲ.

ಮಹಾರಾಷ್ಟ್ರದಲ್ಲಿ ನೆಲಸಿರುವ ನಾವು ಇದನ್ನು ಯೂರೋಪಿನ ಜಗಳವೆಂದು ಬದಿಗಿಡುವಂತಿಲ್ಲ. ರತ್ನಾಗಿರಿ ಜಿಲ್ಲೆಯ ದಾಭೋಳ್ ನಮ್ಮ ಕಣ್ಣೆದುರಿಗೇ ನಡೆದ ಕಥೆ. ಲೋಕಲ್ ರೈಲಿನಲ್ಲಿ ಎನ್ರಾನ್ ವಿಚಾರವಾಗಿ ವಾದಿಸದೆ ಇಳಿದ ದಿನಗಳು ಆಗ ನನಗೆ ಕಡಿಮೆ. 1993ರಲ್ಲಿ ವಿದ್ಯುತ್ ಖರೀದಿಗೆ ಸಹಿ ಹಾಕಿದ ರಾಜ್ಯ ವಿದ್ಯುತ್ ಮಂಡಳಿ, ದರ ತಾಳಲಾರದೆ 2001ರಲ್ಲಿ ಖರೀದಿ ನಿಲ್ಲಿಸಿತು. ಅದೇ ವರ್ಷದ ಕೊನೆಗೆ ಎನ್ರಾನ್ ದಿವಾಳಿಯೆದ್ದಿತು. ಆದರೆ ಪಾಲುದಾರರಾದ ಬೆಕ್ಟೆಲ್ ಮತ್ತು ಜನರಲ್ ಎಲೆಕ್ಟ್ರಿಕ್ ಸುಮ್ಮನಿರಲಿಲ್ಲ. ಅಮೆರಿಕದೊಡನೆ ಭಾರತಕ್ಕೆ ಇಂಥ ಒಪ್ಪಂದವಿರಲಿಲ್ಲ. ಆದ್ದರಿಂದ ಮಾರಿಷಸ್ಸಿನಲ್ಲಿದ್ದ ತಮ್ಮ ಕಂಪನಿಗಳ ಹೆಸರಿನಲ್ಲಿ, ಮಾರಿಷಸ್ ಒಪ್ಪಂದದಡಿ ಭಾರತದ ಮೇಲೆ ದಾವೆ ಹೂಡಿದವು. 2005ರಲ್ಲಿ ಬೆಕ್ಟೆಲ್‌ಗೆ ಸುಮಾರು 16 ಕೋಟಿ, ಜನರಲ್ ಎಲೆಕ್ಟ್ರಿಕ್‌ಗೆ ಸುಮಾರು 14.5 ಕೋಟಿ ಡಾಲರ್ ಲೆಕ್ಕದಲ್ಲಿ ರಾಜಿಯಾಯಿತು.

ಇಂಥ ಅನುಭವಗಳಿಂದ ಎಚ್ಚೆತ್ತ ಭಾರತ ಹಳೆಯ ಒಪ್ಪಂದಗಳಲ್ಲಿ ಬಹುಪಾಲನ್ನು 2016-17ರಲ್ಲಿ ಕೊನೆಗೊಳಿಸಿತು. ಹೊಸ ಮಾದರಿ ಕರಡಿನ ಪ್ರಕಾರ ಹೂಡಿಕೆದಾರ ಮೊದಲು ಐದು ವರ್ಷ ಇಲ್ಲಿಯ ನ್ಯಾಯಾಲಯಗಳಲ್ಲೇ ಪರಿಹಾರ ಹುಡುಕಬೇಕು. ಒಳ್ಳೆಯ ನಿಲುವು. ಆದರೆ 2024ರಲ್ಲಿ ಸಂಯುಕ್ತ ಅರಬ್ ಸಂಸ್ಥಾನದೊಡನೆ ಸಹಿ ಹಾಕುವಾಗ ಐದು ಮೂರಕ್ಕೆ ಇಳಿಯಿತು. ಇಳಿಸಿದ್ದೇಕೆಂದು ಸಂಸತ್ತಿನ ಒಪ್ಪಿಗೆ ಕೇಳುವ ಕಟ್ಟುಪಾಡೇ ನಮ್ಮಲ್ಲಿಲ್ಲ. ಒಪ್ಪಂದ ಮಾಡುವುದು ಕಾರ್ಯಾಂಗದ ಅಧಿಕಾರ. 2070ಕ್ಕೆ ಇಂಗಾಲದ ನಿವ್ವಳ ಹೊರಸೂಸುವಿಕೆಯನ್ನು ಸೊನ್ನೆಗಿಳಿಸುವುದಾಗಿ 2021ರಲ್ಲಿ ಗ್ಲಾಸ್ಗೋದಲ್ಲಿ ಮಾತುಕೊಟ್ಟ ದೇಶ ಮುಂದೆ ಎಷ್ಟು ಕಲ್ಲಿದ್ದಲು ಸ್ಥಾವರಗಳನ್ನು ಮುಚ್ಚಬೇಕಾದೀತು! ಅವುಗಳಲ್ಲಿ ವಿದೇಶಿ ಪಾಲಿರುವಲ್ಲೆಲ್ಲ ಈ ಕಲಮುಗಳು ಎದ್ದು ನಿಲ್ಲುತ್ತವೆ. ಆದುದರಿಂದ ಮುಂದಿನ ಪ್ರತಿಯೊಂದು ಕರಡೂ ಸಹಿಗೆ ಮುನ್ನ ಸಂಸತ್ತಿನಲ್ಲಿ ಮಂಡನೆಯಾಗಲಿ, ದೇಶಭಾಷೆಗಳಲ್ಲಿ ಅಚ್ಚಾಗಲಿ. ಮಿತ್ರರು ಮುಂದಿನ ಗೋಷ್ಠಿಯಲ್ಲಿ ಇದಕ್ಕೆ ಉತ್ತರಿಸುವುದಾದರೆ, ದಾಭೋಳಿನಿಂದಲೇ ಆರಂಭಿಸಬೇಕೆಂದು ಅವರಲ್ಲಿ ನನ್ನ ವಿನಂತಿ.