ಲೋಕಸಂಚಾರ: ನೆಲಗಟ್ಟು ಗೋಡೆಯೇರಿದ ಊರು

ಈ ತಿಂಗಳು ನಾವು ಆಫ್ರಿಕ ಖಂಡದ ಉತ್ತರ ತೀರಕ್ಕೆ ಹೋಗೋಣ. ಟ್ಯುನೀಸಿಯ ದೇಶದ ರಾಜಧಾನಿಯಾದ ಟ್ಯೂನಿಸ್ ನಗರದ ಪಡುವಣ ಅಂಚಿಗೆ ತಗುಲಿಕೊಂಡು ಬಾರ್ದೋ ಎಂಬ ಪುರಸಭೆಯ ಊರೊಂದಿರುವುದು. ನಗರದ ನಡುವಣಿಂದ ಅಲ್ಲಿಗೆ ಸುಮಾರು ೪ ಕಿಲೋಮೀಟರು. ಟ್ರಾಮಿನಲ್ಲಿ ಕುಳಿತವರು ಬೇಗನೆ ತಲಪುವರು. ಹುಲ್ಲುಗಾವಲೆಂಬ ಅರ್ಥವುಳ್ಳ ‘ಪ್ರಾದೊ’ ಎಂಬ ಸ್ಪೇನ್ ದೇಶದ ಮಾತಿನಿಂದ ಈ ಹೆಸರು ಬಂದಿತೆಂದು ಹಲವರ ಅಭಿಪ್ರಾಯ. ೧೫ನೆಯ ಶತಮಾನದಷ್ಟು ಹಿಂದೆಯೇ ಅರಸರು ಇಲ್ಲಿ ವಿಹಾರಕ್ಕಾಗಿ ಅರಮನೆ ಕಟ್ಟಿಸಿದ್ದರು. ಮುಂದೆ ಬೇ ಎಂಬ ಬಿರುದಿನ ಪ್ರಭುಗಳು ಅದನ್ನು ಬೆಳೆಯಿಸಿ ರಾಜಪೀಠವನ್ನಾಗಿ ಮಾಡಿಕೊಂಡರು.

ಊರಿನ ಹೆಸರು ಲೋಕಕ್ಕೆ ತಿಳಿದುದು ಮಾತ್ರ ಒಂದು ಕಹಿ ಸಂದರ್ಭದಲ್ಲಿ. ೧೮೮೧ನೆಯ ಮೇ ೧೨ರಂದು ಫ್ರಾನ್ಸಿನ ಸೇನೆ ಬಾಗಿಲಲ್ಲಿ ನಿಂತಿರಲು, ಇಲ್ಲಿಗೆ ಸಮೀಪದ ಕಸರ್ ಸಯೀದ್ ಅರಮನೆಯಲ್ಲಿ ಮಹಮ್ಮದ್ ಸಾದಿಕ್ ಬೇ ಒಡಂಬಡಿಕೆಗೆ ರುಜು ಹಾಕಿದನು. ‘ಬಾರ್ದೋ ಒಪ್ಪಂದ’ವೆಂದೇ ಅದಕ್ಕೆ ಹೆಸರು. ಅಂದು ಕೈತಪ್ಪಿದ ಸ್ವಾತಂತ್ರ್ಯ ಮರಳಿದುದು ೧೯೫೬ನೆಯ ಮಾರ್ಚ್ ೨೦ರಂದು.

ಒಪ್ಪಂದವಾದ ಏಳು ವರ್ಷಕ್ಕೆ, ೧೮೮೮ರಲ್ಲಿ, ಅರಮನೆಯ ಅಂತಃಪುರದ ಭಾಗ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅಲ್ಲಿಯ ಮುಖ್ಯ ಸಂಪತ್ತು ಚಿನ್ನವಲ್ಲ, ನೆಲಗಟ್ಟು! ರೋಮನರ ಕಾಲದಲ್ಲಿ ಈ ನಾಡಿನ ಸಿರಿವಂತರು ಬಣ್ಣಬಣ್ಣದ ಕಲ್ಲಿನ ಚೂರುಗಳನ್ನು ಸುಣ್ಣದ ಗಾರೆಯಲ್ಲಿ ಹುದುಗಿಸಿ ಮನೆಯ ನೆಲವನ್ನೇ ಚಿತ್ರವಾಗಿಸುತ್ತಿದ್ದರು. ಇದಕ್ಕೆ ಮೊಸಾಯಿಕ್ ಎನ್ನುವರು. ಸೂಸ್ ಎಂಬಲ್ಲಿ ೧೮೯೬ರಲ್ಲಿ ದೊರೆತ ಒಂದರಲ್ಲಿ ಮಹಾಕವಿ ವರ್ಜಿಲನು ತೊಡೆಯ ಮೇಲೆ ಗ್ರಂಥದ ಸುರುಳಿಯನ್ನಿಟ್ಟು ಇಬ್ಬರು ವಿದ್ಯಾದೇವತೆಯರ ನಡುವೆ ಕುಳಿತಿದ್ದಾನೆ. ಕಾರ್ಥೇಜಿನ ಇನ್ನೊಂದರಲ್ಲಿ ಜೂಲಿಯಸನೆಂಬ ಭೂಮಾಲಿಕನ ಸಂಸಾರವೇ ಇದೆ: ನಡುವೆ ಅವನ ಸೌಧ, ಸುತ್ತಲೂ ನಾಲ್ಕು ಋತುಗಳ ಕೆಲಸಕಾರ್ಯ, ಆಳುಗಳು ಬಾತುಕೋಳಿ, ಹಣ್ಣುಗಳನ್ನು ಕಾಣಿಕೆಯಾಗಿ ತರುತ್ತಾರೆ, ದಾಸಿಯು ಒಡತಿಗೆ ಆಭರಣವನ್ನು ಒಪ್ಪಿಸುತ್ತಾಳೆ. ಯಾರ ಮಕ್ಕಳೋ ಓಡಾಡಿದ ಆ ನೆಲಗಳಲ್ಲಿ ಎಷ್ಟೋ ಇಂದು ಗೋಡೆಯನ್ನೇರಿ ನಿಂತಿವೆ.

ಇಂತಹ ಶಾಂತ ಸ್ಥಳಕ್ಕೂ ಕ್ರೌರ್ಯ ನುಗ್ಗಿತು. ೨೦೧೫ನೆಯ ಮಾರ್ಚ್ ೧೮ರಂದು ಬಂದೂಕುಧಾರಿಗಳು ಅಲ್ಲಿ ೨೨ ಮಂದಿಯನ್ನು ಕೊಂದರು. ಸತ್ತವರಲ್ಲಿ ಬಹುಮಂದಿ ಚಿತ್ರಗಳನ್ನು ನೋಡಲೆಂದು ದೂರದಿಂದ ಬಂದಿದ್ದ ಪರದೇಶದ ಯಾತ್ರಿಕರು. ಆ ಊರಿನ ಜನ ಬೆದರಿ ಬಾಗಿಲಿಕ್ಕಿಕೊಂಡರೇ? ಇಲ್ಲ. ಅದೇ ತಿಂಗಳ ೨೯ರಂದು ಸಾವಿರಾರು ಮಂದಿ ಮೆರವಣಿಗೆಯಾಗಿ ಬಾರ್ದೋವಿಗೆ ನಡೆದರು. ಮರುದಿನ ಸಂಗ್ರಹಾಲಯ ಪ್ರೇಕ್ಷಕರಿಗೆ ತೆರೆಯಿತು. ಮುಂದೆ ಬಂದೂಕಿನಿಂದಲ್ಲ, ರಾಜಕಾರಣದಿಂದ ಬಾಗಿಲು ಮುಚ್ಚಿತು. ಅದೇ ಆವರಣದಲ್ಲಿರುವ ಶಾಸನಸಭೆಯನ್ನು ಅಧ್ಯಕ್ಷರು ೨೦೨೧ರ ಜುಲೈಯಲ್ಲಿ ಅಮಾನತಿನಲ್ಲಿಡಲು, ಸಂಗ್ರಹಾಲಯಕ್ಕೂ ಬೀಗ ಬಿದ್ದು, ಅದು ೨೦೨೩ರ ಸೆಪ್ಟೆಂಬರಿನವರೆಗೆ ತೆರೆಯಲಿಲ್ಲ.

ಅರಸರು ಹೋದರು, ಸೇನೆ ಬಂದು ಹಿಂದಿರುಗಿತು, ಸಭೆಗಳು ಕೂಡಿ ಚದುರಿದವು. ಹೆಸರಿಲ್ಲದ ಕುಶಲಿಗಳು ಒಂದೊಂದೇ ಚೂರನ್ನು ಆಯ್ದು ಕೂಡಿಸಿದ ಕೆಲಸ ಮಾತ್ರ ಉಳಿಯಿತು. ಆದರೂ ಅದು ತಾನಾಗಿ ಉಳಿಯಲಿಲ್ಲ. ಕಾಯುವವರು ಇದ್ದುದರಿಂದ ಉಳಿಯಿತು. ನಮ್ಮ ಮನೆಗಳಲ್ಲಿ ಹಿರಿಯರು ಬಿಟ್ಟುಹೋದ ಸಾಮಾನ್ಯ ವಸ್ತುಗಳನ್ನು ನೋಡುವಾಗಲೂ ಈ ಮಾತು ನೆನಪಿನಲ್ಲಿರಲಿ.